ಅಪ್ಪನ ಜಲವರ್ಣ ಚಿತ್ರಗಳಿಗೆ ಕಟ್ಟು ಹಾಕಿಸಬೇಕು, ಹಿಂದೆ ಯಾವ ರಟ್ಟು ಹಾಕಿಸಲಿ?

ಕುಂದಾಪುರದ_ಮಗಳು:

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ತೀರಿಕೊಂಡು ಎರಡು ವರ್ಷ ಆಯಿತು. ಈ ಸಲ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಅವರ ಕಬ್ಬಿಣದ ಟ್ರಂಕು ಇಳಿಸಿದೆವು. ಒಳಗೆ ಮೂವತ್ತಕ್ಕೂ ಜಾಸ್ತಿ ಜಲವರ್ಣ ಚಿತ್ರಗಳು. ಎಲ್ಲ 1974ರಿಂದ 1978ರ ನಡುವಿನವು, ಮೂಲೆಯಲ್ಲಿ ತಾರೀಖು ಸಮೇತ ಸಹಿ ಇದೆ. ಗಂಗೊಳ್ಳಿಯ ದೋಣಿಗಳು, ನಾಟಿ ಮಾಡುವ ಹೆಂಗಸರು, ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿ. ಹತ್ತಿರ ಹತ್ತಿರ ಐವತ್ತು ವರ್ಷ ಆದರೂ ನಿನ್ನೆ ಬರೆದ ಹಾಗಿವೆ.

ತಲೆ ಕೆಟ್ಟಿದ್ದು ಇಲ್ಲಿ. ಅದೇ ಸಾಲಿನ ಎರಡು ಚಿತ್ರಗಳಿಗೆ ಅಪ್ಪ ಆಗಲೇ ಕಟ್ಟು ಹಾಕಿಸಿ ಚಾವಡಿಯಲ್ಲಿ ನೇತು ಹಾಕಿದ್ದರು. ಅದೇ ಕಾಗದ, ಅದೇ ಬಣ್ಣ, ಅದೇ ವರ್ಷ. ಅವು ಮಾತ್ರ ಹಾಳಾಗಿ ಹೋಗಿವೆ. ಸುತ್ತ ಚಹಾ ಚೆಲ್ಲಿದ ಹಾಗೆ ಕಂದು ಅಂಚು, ಅಲ್ಲಲ್ಲಿ ಬೂಷ್ಟಿನ ಚುಕ್ಕಿ, ಗುಲಾಬಿ ಬಣ್ಣ ಇತ್ತು ಅನ್ನುವುದು ಅಮ್ಮ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹಿಂದಿನ ಪ್ಲೈವುಡ್‌ಗೆ ಕುಟ್ಟೆ ಹಿಡಿದು ಪುಡಿ ಉದುರುತ್ತಿದೆ. ಅಂದರೆ ಚೆನ್ನಾಗಿರಲಿ ಅಂತ ಕಟ್ಟು ಹಾಕಿಸಿದ್ದೇ ಹಾಳಾಯಿತು, ಮರೆತು ಟ್ರಂಕಿನಲ್ಲಿ ಬಿಟ್ಟಿದ್ದು ಉಳಿಯಿತು!

ಈಗ ನಾಲ್ಕೈದು ಚಿತ್ರಗಳನ್ನಾದರೂ ಗೋಡೆಗೆ ಹಾಕಬೇಕು ಅಂತ ಅಮ್ಮನ ಆಸೆ. ಪೇಟೆಯ ಕಟ್ಟು ಹಾಕುವ ಅಂಗಡಿಗೆ ಹೋದೆ. ಅವರು ಒಳ್ಳೆಯವರೇ, ಆದರೆ "ಎಂಡಿಎಫ್ ಮೇಲೆ ಬಿಳಿ ಗಮ್ ಹಾಕಿ ಪೂರ್ತಿ ಅಂಟಿಸಿ ಕೊಡುತ್ತೇನೆ, ನೂರು ವರ್ಷ ಅಲುಗಾಡುವುದಿಲ್ಲ" ಅಂದರು. ನಾನು ಇಂಟರ್ನೆಟ್‌ನಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡು "ಆಸಿಡ್ ಇಲ್ಲದ ರಟ್ಟು ಇದೆಯಾ" ಅಂತ ಕೇಳಿದರೆ, "ಚಿತ್ರಕ್ಕೆ ಆಸಿಡ್ ಯಾರು ಹಾಕುತ್ತಾರೆ ಮಾರಾಯ್ರೆ" ಅಂತ ನಕ್ಕರು. ನನಗೂ ಉತ್ತರ ಗೊತ್ತಿರಲಿಲ್ಲ.

ಇದರ ಜೊತೆ ಇನ್ನೆರಡು ಇವೆ. ಅಜ್ಜನ ಕಾಲದ ಲಕ್ಷ್ಮಿ ಪಟ, ಕೆಳಗೆ ರವಿವರ್ಮ ಪ್ರೆಸ್ ಅಂತ ಇಂಗ್ಲಿಷಿನಲ್ಲಿದೆ. ಮತ್ತೆ ಅಜ್ಜಿಯ ಮದುವೆ ಫೋಟೋ, ಅದು ಗಾಜಿಗೇ ಅಂಟಿಕೊಂಡಿದೆ. ಯಾವುದಕ್ಕೆ ಏನು ಮಾಡಲಿ? ಸಿಕ್ಕಾಪಟ್ಟೆ ದುಡ್ಡು ಹಾಕುವ ಸ್ಥಿತಿಯಲ್ಲಿಲ್ಲ, ಎಲ್ಲಿ ಹಾಕಿದರೆ ಉಪಯೋಗ ಅಂತ ಹೇಳಿ.

ಕಟ್ಟಿನಂಗಡಿ_ಮೈಸೂರು:

ಅಕ್ಕ, ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ತಪ್ಪೊಪ್ಪಿಕೊಂಡು ಬಿಡುತ್ತೇನೆ, ಶುರುವಿನ ಹತ್ತು ವರ್ಷ ನಾನೂ ಹಾಗೇ ಮಾಡಿದವನು. ಮೈದಾ ಕುದಿಸಿ, ಹುಳ ಬಾರದಿರಲಿ ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ಪ್ಲೈ ಮೇಲೆ ಚಿತ್ರವನ್ನು ಬಡಿದು ಅಂಟಿಸುತ್ತಿದ್ದೆವು. ನಮ್ಮ ಗುರುಗಳು ಕಲಿಸಿದ್ದು ಅದನ್ನೇ. ನಿಮ್ಮ ತಂದೆಯವರ ಚಿತ್ರಕ್ಕೂ ಅದೇ ಆಗಿರುತ್ತದೆ. ಆಗ ಕಸ್ಟಮರ್‌ಗೂ ಚಿತ್ರ ಸುಕ್ಕಿಲ್ಲದೆ ಹಲಗೆಯ ಹಾಗೆ ನಿಲ್ಲಬೇಕಿತ್ತು, ಅಷ್ಟೇ.

ಆಸಿಡ್ ಯಾರೂ ಹಾಕುವುದಿಲ್ಲ, ಅದು ರಟ್ಟಿನೊಳಗೇ ಇರುತ್ತದೆ. ನ್ಯೂಸ್ ಪೇಪರನ್ನು ಎರಡು ದಿನ ಬಿಸಿಲಿಗೆ ಇಡಿ, ಹಳದಿಯಾಗುತ್ತದೆ ಅಲ್ವಾ? ಮರದ ತಿರುಳಿನಲ್ಲಿ ಲಿಗ್ನಿನ್ ಅಂತ ಒಂದು ವಸ್ತು ಇದೆ, ಅದರ ಕೆಲಸ ಅದು. ಅಗ್ಗದ ರಟ್ಟು, ಹಾರ್ಡ್‌ಬೋರ್ಡ್, ಪ್ಲೈ, ಎಂಡಿಎಫ್, ಎಲ್ಲವೂ ಮರವೇ. ವರ್ಷ ಕಳೆದ ಹಾಗೆ ಅವುಗಳಿಂದ ಹುಳಿ ಹೊರಗೆ ಬರುತ್ತದೆ, ಮುಟ್ಟಿಕೊಂಡಿರುವ ಕಾಗದಕ್ಕೆ ಇಳಿಯುತ್ತದೆ. ನಿಮ್ಮ ಕಂದು ಅಂಚು ಅದೇ. ಹಳೆಯ ಮೌಂಟ್, ಅಂದರೆ ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು, ಇರುವ ಯಾವುದಾದರೂ ಪಟ ಇದ್ದರೆ ಕಿಟಕಿಯ ಹಾಗೆ ಕತ್ತರಿಸಿದ ಓರೆ ಅಂಚನ್ನು ನೋಡಿ. ಹಾಕುವಾಗ ಬೆಳ್ಳಗಿದ್ದದ್ದು ಈಗ ಬೀಡಿ ಬಣ್ಣಕ್ಕೆ ತಿರುಗಿರುತ್ತದೆ.

ಮೌಂಟ್ ಬೋರ್ಡ್ ಮೂರು ತರಹ ಸಿಗುತ್ತದೆ. ಒಂದು ಮಾಮೂಲಿ. ಎರಡನೆಯದು ಕನ್ಸರ್ವೇಶನ್ ಬೋರ್ಡ್, ಅದೂ ಮರದ ತಿರುಳೇ, ಆದರೆ ಲಿಗ್ನಿನ್ ತೆಗೆದು ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ, ಹುಳಿ ಬಂದರೆ ಅದು ತಿಂದುಹಾಕಲಿ ಅಂತ. ಮೂರನೆಯದು ಮ್ಯೂಸಿಯಂ ಬೋರ್ಡ್, ನೂರಕ್ಕೆ ನೂರು ಹತ್ತಿ, ದುಬಾರಿ. ನಿಮಗೆ ಎರಡನೆಯದು ಸಾಕು. ಆದರೆ ಅಂಗಡಿಯವರು "ಆಸಿಡ್ ಫ್ರೀ" ಅಂದ ತಕ್ಷಣ ನಂಬಬೇಡಿ. ಕೆಲವು ಬೋರ್ಡಿಗೆ ಮೇಲಿನ ಹಾಳೆ ಮಾತ್ರ ಆಸಿಡ್ ಫ್ರೀ, ನಡುವಿನ ತಿರುಳು ಅದೇ ಹಳೇ ಕಥೆ. ಲಿಗ್ನಿನ್ ಇಲ್ಲ ಅಂತಲೂ ಬರೆದಿದೆಯಾ ನೋಡಿ.

ಇನ್ನೊಂದು ಮಾತು. ಜನ ಫ್ರೇಮಿನ ಪಟ್ಟಿಗೆ ದುಡ್ಡು ಸುರಿಯುತ್ತಾರೆ. ಚಿನ್ನದ ಬಣ್ಣ, ಹೂಬಳ್ಳಿ ಕೆತ್ತನೆ. ಹಿಂದೆ ಏನು ಹಾಕಿದಿರಿ ಅಂತ ನನ್ನನ್ನು ಇಷ್ಟು ವರ್ಷದಲ್ಲಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ನೀವು ಉಲ್ಟಾ ಮಾಡಿ. ಸಾದಾ ಪಟ್ಟಿ ತಗೊಳ್ಳಿ, ಆ ದುಡ್ಡನ್ನು ಚಿತ್ರಕ್ಕೆ ಮುಟ್ಟುವ ವಸ್ತುಗಳಿಗೆ ಹಾಕಿ. ಮೌಂಟಿಗೆ ಮಾತ್ರ ಒಳ್ಳೆಯ ಬೋರ್ಡ್ ಹಾಕಿ ಹಿಂಬದಿಗೆ ಹಳೇ ರಟ್ಟು ತುರುಕುವುದು ನಮ್ಮವರ ಅಭ್ಯಾಸ, ಎದುರು ನಿಂತು ನೋಡಿಕೊಳ್ಳಿ. ಮುಂದೆಯೂ ಹಿಂದೆಯೂ ಅದೇ ಬೋರ್ಡ್ ಇರಬೇಕು.

ಅಂಟಿಸುವುದಂತೂ ಬೇಡವೇ ಬೇಡ. ಬಿಳಿ ಗಮ್ ಒಮ್ಮೆ ಒಣಗಿದರೆ ಚಿತ್ರ ಹರಿಯದೆ ಬಿಡಿಸಲು ಆಗುವುದಿಲ್ಲ.

ರಟ್ಟು_ಕಾಗದ_ಗೋಂದು:

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಕಾಗದ ಸಂರಕ್ಷಣೆ ಕಲಿತವಳು, ಕೆಲವು ವರ್ಷ ಆ ಕೆಲಸ ಮಾಡಿದ್ದೇನೆ. ಒಂದೆರಡು ಸೇರಿಸುತ್ತೇನೆ.

ಮೈಲುತುತ್ತದ ವಿಷಯ ಮೊದಲು. ಹುಳಕ್ಕೆ ಒಳ್ಳೆಯದು, ಕಾಗದಕ್ಕೆ ಕೆಟ್ಟದ್ದು. ತಾಮ್ರ ಕಾಗದದ ನಾರನ್ನು ಬೇಗ ಕೆಡಿಸುತ್ತದೆ. ಹಾಳಾಗಿರುವ ಆ ಎರಡು ಚಿತ್ರಗಳನ್ನು ಪ್ಲೈನಿಂದ ನೀವೇ ಕೀಳಲು ಹೋಗಬೇಡಿ. ಪೂರ್ತಿ ಅಂಟಿಸಿದ ಹಳೆಯ ಕಾಗದವನ್ನು ಹಿಂದಿನಿಂದ ಪದರ ಪದರವಾಗಿ ಮರ ತೆಗೆದು ಬಿಡಿಸಬೇಕಾಗುತ್ತದೆ, ಜಲವರ್ಣಕ್ಕೆ ನೀರು ಸೋಕಿಸುವ ಹಾಗೂ ಇಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆ, ಅಂಥ ಕಡೆ ತೋರಿಸಿ. ಅಲ್ಲಿಯವರೆಗೆ ಕಟ್ಟಿನಿಂದ ಹೊರತೆಗೆದು, ಕುಟ್ಟೆ ಪುಡಿ ಝಾಡಿಸಿ, ಬೇರೆ ಕಾಗದಗಳಿಂದ ದೂರ ಇಡಿ. ಬೂಷ್ಟು ಇದ್ದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ನೆರಳಿನಲ್ಲಿ ಒಣಗಿಸಿ, ಆಮೇಲೆ ಮೆತ್ತಗಿನ ಬ್ರಷ್‌ನಿಂದ ಹಗುರವಾಗಿ ಒರೆಸಿ. ಒದ್ದೆ ಬಟ್ಟೆ, ಡೆಟಾಲ್ ಏನೂ ಬೇಡ. ಬಿಸಿಲಿಗೂ ಇಡಬೇಡಿ.

ಈಗ ಅಂಟಿಸದೆ ನಿಲ್ಲಿಸುವುದು ಹೇಗೆ ಅನ್ನುವುದು. ಚಿತ್ರವನ್ನು ಮೇಲಿನ ಅಂಚಿನಲ್ಲಿ ಮಾತ್ರ ಎರಡು ಚಿಕ್ಕ ಕಾಗದದ ಪಟ್ಟಿಗಳಿಂದ ಹಿಂದಿನ ಬೋರ್ಡಿಗೆ ತೂಗುಹಾಕುತ್ತಾರೆ, ಅಂಗಿಯನ್ನು ಹ್ಯಾಂಗರ್‌ಗೆ ಹಾಕಿದ ಹಾಗೆ. ಇದಕ್ಕೆ ಹಿಂಜ್ ಅನ್ನುತ್ತಾರೆ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಹಿಡಿದರೆ ಹಿಗ್ಗಲು ಜಾಗ ಸಿಗದೆ ಅಲೆಅಲೆಯಾಗಿ ಉಬ್ಬುತ್ತದೆ. ಸೆಲ್ಲೋಟೇಪ್, ಡಬಲ್ ಟೇಪ್, ಮಾಸ್ಕಿಂಗ್ ಟೇಪ್ ಯಾವುದೂ ಬೇಡ. ಅವುಗಳ ಗೋಂದು ಕಾಗದದೊಳಗೆ ಇಳಿದು ಎಣ್ಣೆ ಕಲೆಯ ಹಾಗೆ ಹಳದಿಯಾಗುತ್ತದೆ, ಆಮೇಲೆ ಅದನ್ನು ತೆಗೆಯುವುದು ನಮ್ಮಂಥವರಿಗೂ ತಲೆನೋವು.

ಪಟ್ಟಿಗೆ ಜಪಾನಿನ ಕೋಜೊ ಕಾಗದ ಬಳಸುತ್ತಾರೆ. ತೆಳ್ಳಗಿದ್ದರೂ ನಾರು ಉದ್ದ. ಕತ್ತರಿಯಲ್ಲಿ ಕತ್ತರಿಸದೆ, ಒದ್ದೆ ಗೆರೆ ಎಳೆದು ಕೈಯಲ್ಲಿ ಹರಿಯಬೇಕು, ಆಗ ಅಂಚಿನ ನಾರು ಹರಡಿಕೊಂಡು ಚಿತ್ರದ ಮೇಲೆ ಗುರುತು ಬೀಳುವುದಿಲ್ಲ. ಪಟ್ಟಿ ಚಿತ್ರದ ಕಾಗದಕ್ಕಿಂತ ಬಲವಾಗಿ ಇರಬಾರದು. ಕಟ್ಟು ಕೆಳಗೆ ಬಿದ್ದರೆ ಹರಿಯಬೇಕಾದ್ದು ಪಟ್ಟಿ, ಚಿತ್ರ ಅಲ್ಲ.

ಗೋಂದು ಮನೆಯಲ್ಲೇ ಆಗುತ್ತದೆ. ಮೈದಾ ಅಂಟಲ್ಲ, ಗೋಧಿಯ ಪಿಷ್ಟ. ಹಲ್ವ ಮಾಡಲು ಗೋಧಿ ಹಾಲು ತೆಗೆಯುತ್ತಾರಲ್ಲ, ಅದೇ. ಹಾಲನ್ನು ರಾತ್ರಿ ಬಿಟ್ಟು, ಮೇಲಿನ ನೀರು ಚೆಲ್ಲಿ, ಮತ್ತೆ ನೀರು ಹಾಕಿ, ಹೀಗೆ ನಾಲ್ಕೈದು ಸಲ ತೊಳೆದರೆ ತಳದಲ್ಲಿ ಬೆಳ್ಳನೆಯ ಪಿಷ್ಟ ಉಳಿಯುತ್ತದೆ. ಮೈದಾದಲ್ಲಿ ಅಂಟುವ ಪ್ರೋಟೀನ್ ಉಳಿದಿರುತ್ತದೆ, ಅದು ಹುಳವನ್ನು ಹೆಚ್ಚು ಸೆಳೆಯುತ್ತದೆ. ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ಶುದ್ಧ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕೈ ಬಿಡದೆ ತಿರುವಿ. ಅರೆಪಾರದರ್ಶಕ ಆದ ಮೇಲೆ ಆರಿಸಿ, ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ. ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಇದರ ದೊಡ್ಡ ಗುಣ ಏನೆಂದರೆ, ಮುಂದೆ ಯಾವಾಗ ಬೇಕಾದರೂ ಸ್ವಲ್ಪ ತೇವ ಮಾಡಿದರೆ ಬಿಟ್ಟುಕೊಳ್ಳುತ್ತದೆ. ನಿಮ್ಮದು ದಪ್ಪ ಡ್ರಾಯಿಂಗ್ ಹಾಳೆ, ಚಿಕ್ಕ ಚಿತ್ರ ಅಂದರೆ ಗೋಂದೂ ಬೇಡ. ಆಸಿಡ್ ಇಲ್ಲದ ಕಾಗದ ಮಡಚಿ ನಾಲ್ಕು ಮೂಲೆಗೆ ಜೇಬು ಮಾಡಿ, ಹಳೇ ಆಲ್ಬಮ್‌ಗಳಲ್ಲಿ ಇರುವ ಹಾಗೆ. ಚಿತ್ರ ಅದರೊಳಗೆ ಸ್ವಲ್ಪ ಸಡಿಲವಾಗಿ ಕೂರಲಿ, ಜೇಬು ಮೌಂಟಿನ ಅಡಿಗೆ ಮುಚ್ಚಿಹೋಗುತ್ತದೆ.

ಅಜ್ಜಿಯ ಫೋಟೋ: ಎಳೆಯಬೇಡಿ, ದಯವಿಟ್ಟು. ಹಳೆಯ ಫೋಟೋದ ಮೇಲ್ಪದರ ಜೆಲಾಟಿನ್, ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದುಕೊಂಡಿರುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಅಜ್ಜಿಯ ಮುಖ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಗಾಜಿನ ಸಮೇತವೇ ಇಡಿ. ಮುಂದೆ ಬೇರೆ ಫೋಟೋಗಳಿಗೆ ಕಟ್ಟು ಹಾಕಿಸುವುದಾದರೆ ಸುಣ್ಣ ಸೇರಿಸಿದ ಬೋರ್ಡ್ ಎಲ್ಲದಕ್ಕೂ ಹೊಂದುವುದಿಲ್ಲ. ಫೋಟೋಗೆ ಸುಣ್ಣ ಇಲ್ಲದ, ಬೋರ್ಡ್ ಫೋಟೋವನ್ನು ಕೆಡಿಸುತ್ತದೆಯಾ ಅಂತ ನೋಡುವ ಪಿಎಟಿ ಅನ್ನುವ ಪರೀಕ್ಷೆ ಪಾಸಾದ ಬೋರ್ಡ್ ಕೇಳಿ, ಐಎಸ್‌ಒ 18916 ಅಂತ ಬರೆದಿರುತ್ತದೆ. ಮತ್ತೆ ಲ್ಯಾಮಿನೇಷನ್ ಮಾಡಿಸೋಣ ಅಂತ ಮನೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಕಿವಿ ಕೇಳಿಸದವರ ಹಾಗೆ ಇದ್ದುಬಿಡಿ.

ಅರ್ಜೆಂಟ್_ಆಸಾಮಿ:

ಇಷ್ಟೆಲ್ಲಾ ಯಾಕ್ರೀ? ಒಳ್ಳೆ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿ. ಅಸಲಿಯನ್ನು ಟ್ರಂಕಿಗೇ ವಾಪಸ್ ಹಾಕಿ. ಐವತ್ತು ವರ್ಷ ಇದ್ದದ್ದು ಇನ್ನೈವತ್ತು ವರ್ಷ ಇರುತ್ತದೆ. ಮುಗೀತು.

ಮಳೆಗಾಲದವ_ಮಂಗಳೂರು:

ಆಸಾಮಿಯವರು ತಮಾಷೆಗೆ ಹೇಳಿದರೂ ಅರ್ಧ ನಿಜ ಇದೆ. ಟ್ರಂಕ್ ಯಾಕೆ ಕಾಪಾಡಿತು ಅಂತ ಯೋಚಿಸಿ. ಕತ್ತಲೆ, ಲೋಹದ ಪೆಟ್ಟಿಗೆ, ಗಾಳಿಯಾಟ ಕಡಿಮೆ, ಕಾಗದದ ಮೇಲೆ ಕಾಗದ ಒತ್ತಾಗಿ ಇದ್ದದ್ದರಿಂದ ತೇವ ಒಮ್ಮೆಲೇ ಏರಿಳಿಯಲಿಲ್ಲ. ನಿಮ್ಮ ಅಟ್ಟ ಅಡುಗೆಮನೆಯ ಮೇಲಿತ್ತಾ? ಒಲೆಯ ಬಿಸಿಗೆ ಆ ಅಟ್ಟಗಳು ಮಳೆಗಾಲದಲ್ಲೂ ಬೆಚ್ಚಗೆ ಒಣಗಿರುತ್ತಿದ್ದವು, ನಮ್ಮಜ್ಜಿ ಹಪ್ಪಳ, ಬಾಳಕದ ಮೆಣಸು ಇಡುತ್ತಿದ್ದದ್ದೂ ಅಲ್ಲೇ.

ಮೈಸೂರಿನವರಿಗೆ ಒಂದು ಮಾತು ಸರ್, ನಿಮ್ಮೂರಿನ ಹವೆ ಬೇರೆ, ನಮ್ಮ ಕರಾವಳಿ ಬೇರೆ. ಇಲ್ಲಿ ಆಸಿಡ್‌ಗಿಂತ ಮೊದಲು ತೇವ ಕೊಲ್ಲುತ್ತದೆ. ಗಾಳಿಯಲ್ಲಿ ತೇವಾಂಶ ಶೇಕಡ 65–70 ದಾಟಿ ಹಾಗೇ ನಿಂತರೆ ಬೂಷ್ಟು ಬರಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಹುಪಾಲು ದಿನ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ನನ್ನ ಅನುಭವದಲ್ಲಿ ಮುಖ್ಯವಾದದ್ದು ಗೋಡೆ. ಪಡುವಣ ಗೋಡೆಗೆ ಮಳೆ ಬಡಿಯುತ್ತದೆ, ಮುರಕಲ್ಲು ನೀರು ಕುಡಿಯುತ್ತದೆ, ಅದೇ ಗೋಡೆಯ ಒಳಬದಿಗೆ ಒತ್ತಿ ಪಟ ನೇತು ಹಾಕುತ್ತೇವೆ! ಮನೆಯ ಒಳಗಿನ ಗೋಡೆಗೆ ಹಾಕಿ, ಎರಡು ಕೋಣೆಯ ನಡುವಿನ ಗೋಡೆ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಕಾರ್ಕ್ ಕತ್ತರಿಸಿ ಅಂಟಿಸಿ, ಗೋಡೆಗೂ ಪಟಕ್ಕೂ ನಡುವೆ ಗಾಳಿ ಓಡಾಡಲಿ.

ಹಿಂಬದಿಗೆ ಕೊನೆಯ ಪದರವಾಗಿ ಹಾರ್ಡ್‌ಬೋರ್ಡ್ ಬದಲು ಸನ್‌ಪ್ಯಾಕ್ ಶೀಟ್ ಹಾಕಿಸಿ. ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಇರುತ್ತದೆ, ಒಳಗೆ ರಟ್ಟಿನ ಡಬ್ಬದ ಹಾಗೆ ಕೊಳವೆ ಕೊಳವೆ. ಅದು ಪಾಲಿಪ್ರೊಪಿಲೀನ್, ಹುಳಿ ಬಿಡುವುದಿಲ್ಲ, ಗೆದ್ದಲು ಕುಟ್ಟೆ ಮುಟ್ಟುವುದಿಲ್ಲ, ನೀರೂ ಹಿಡಿಯುವುದಿಲ್ಲ, ಅಗ್ಗ ಬೇರೆ. ಆದರೆ ಎಚ್ಚರ, ಸನ್‌ಪ್ಯಾಕ್ ಬೇರೆ, ಸನ್‌ಬೋರ್ಡ್ ಬೇರೆ. ಸನ್‌ಬೋರ್ಡ್ ಅಂತ ಕೊಡುವುದು ಸಾಮಾನ್ಯವಾಗಿ ಪಿವಿಸಿ ಫೋಮ್. ಪಿವಿಸಿ ಹಳೆಯದಾದಂತೆ ಆಸಿಡ್ ಬಿಡುತ್ತದೆ, ಚಿತ್ರದ ಹತ್ತಿರ ಸುಳಿಯಬಾರದು. ಹೆಸರು ಒಂದೇ ತರಹ ಕೇಳುವುದರಿಂದ ಅಂಗಡಿಯ ಹುಡುಗರು ಅದನ್ನೇ ಕತ್ತರಿಸಿ ಕೊಟ್ಟುಬಿಡುತ್ತಾರೆ. ನನಗೆ ಒಮ್ಮೆ ಕೊಟ್ಟಿದ್ದಾರೆ.

ಕಟ್ಟಿನಂಗಡಿ_ಮೈಸೂರು:

ಮಂಗಳೂರಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಕಟ್ಟಿನ ಒಳಗೇ ಗಾಳಿ ಆಡಬೇಕು ಅಂತ ಕೆಲವರು ಹಿಂದಿನ ರಟ್ಟಿಗೆ ತೂತು ಹೊಡೆಸುತ್ತಾರೆ. ಅದು ಬೇಡ. ಗಾಳಿಯ ಜೊತೆ ತೇವ, ಧೂಳು, ಕಾಗದ ತಿನ್ನುವ ಹುಳ ಎಲ್ಲ ಒಳಗೆ. ನಾನು ಗಾಜು, ಮೌಂಟ್, ಚಿತ್ರ, ಹಿಂಬದಿ ಬೋರ್ಡ್ ಇಷ್ಟನ್ನೂ ಒಂದು ಸ್ಯಾಂಡ್‌ವಿಚ್ ಮಾಡಿ ಅಂಚಿಗೆ ಸುತ್ತ ಟೇಪ್ ಹಾಕಿ ಮುಚ್ಚಿಬಿಡುತ್ತೇನೆ, ಆಮೇಲೆ ಫ್ರೇಮಿಗೆ ಕೂರಿಸುವುದು. ಟೇಪ್ ಚಿತ್ರಕ್ಕೆ ಮುಟ್ಟಬಾರದು, ಗಾಜು ಮತ್ತು ಬೋರ್ಡಿನ ಅಂಚಿಗೆ ಮಾತ್ರ. ಎಸಿ ಮೆಕ್ಯಾನಿಕ್‌ಗಳು ಬಳಸುವ ಅಲ್ಯೂಮಿನಿಯಂ ಟೇಪ್ ಇದೆಯಲ್ಲ, ಅದನ್ನು ಮರದ ಪಟ್ಟಿಯ ಒಳಗಂಚಿಗೆ ಒಂದು ಸುತ್ತು ಹಾಕಿ, ಮರದ ಹುಳಿ ಒಳಕ್ಕೆ ಬರುವುದಿಲ್ಲ.

ಮಳೆಗಾಲದವ_ಮಂಗಳೂರು:

ಮುಚ್ಚುವುದು ಸರಿ ಸರ್, ಯಾವಾಗ ಮುಚ್ಚುತ್ತೀರಿ ಅನ್ನುವುದೇ ನನ್ನ ತಕರಾರು. ಜುಲೈ ತಿಂಗಳಲ್ಲಿ ಕಾಗದವೂ ಬೋರ್ಡೂ ತೇವ ಕುಡಿದು ಕೂತಿರುವಾಗ ಟೇಪ್ ಹಾಕಿ ಮುಚ್ಚಿದರೆ ಮಳೆಗಾಲವನ್ನೇ ಒಳಗಿಟ್ಟು ಮುಚ್ಚಿದ ಹಾಗಾಯಿತು. ಆಮೇಲೆ ಬಿಸಿಲು ಬಿದ್ದು ಕಟ್ಟು ಬಿಸಿಯಾದರೆ ಆ ತೇವವೇ ಗಾಜಿನ ಒಳಗೆ ಹನಿ ಕಟ್ಟುತ್ತದೆ. ಕರಾವಳಿಯಲ್ಲಿ ಕಟ್ಟು ಹಾಕಿಸುವುದಿದ್ದರೆ ಜನವರಿ, ಫೆಬ್ರವರಿ. ಚಿತ್ರ, ಬೋರ್ಡ್ ಎರಡನ್ನೂ ವಾರದ ಮೊದಲೇ ಒಣ ಕೋಣೆಯಲ್ಲಿ ಬಿಚ್ಚಿಟ್ಟು ಆಮೇಲೆ ಮುಚ್ಚಬೇಕು.

ಕಟ್ಟಿನಂಗಡಿ_ಮೈಸೂರು:

ಇದು ಒಪ್ಪಿದೆ. ನಮ್ಮಲ್ಲಿ ಇಷ್ಟು ಲೆಕ್ಕ ಹಾಕುವ ಪ್ರಮೇಯ ಬರುವುದಿಲ್ಲ.

ಗಾಜಿನ ಬಗ್ಗೆ ಯಾರೂ ಹೇಳಲಿಲ್ಲ. ಮೌಂಟ್ ಹಾಕಿಸುವುದು ಚಂದಕ್ಕೆ ಅಂತ ಎಲ್ಲರೂ ತಿಳಿದಿದ್ದಾರೆ, ಅದರ ಅಸಲಿ ಕೆಲಸ ಗಾಜು ಚಿತ್ರಕ್ಕೆ ತಾಗದ ಹಾಗೆ ಅಂತರ ಕೊಡುವುದು. ಅಜ್ಜಿಯ ಫೋಟೋ ಅಂಟಿಕೊಂಡದ್ದು ಆ ಅಂತರ ಇಲ್ಲದ್ದಕ್ಕೇ. ಮೈಸೂರು ಶೈಲಿಯ ಚಿತ್ರ ತರುವವರಿಗೂ ಇದನ್ನೇ ಹೇಳುತ್ತೇನೆ, ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಇರುತ್ತದೆ, ಗಾಜು ಅದರ ಮೇಲೆ ಕೂತರೆ ಮುಗೀತು. ಮೌಂಟ್ ಬೇಡ ಅಂದರೆ ಅಂಚಿಗೆ ಸ್ಪೇಸರ್, ಅಂದರೆ ಅಂತರ ಕೊಡುವ ಸಣ್ಣ ಪಟ್ಟಿ, ಹಾಕಿಸಿ.

ರಟ್ಟು_ಕಾಗದ_ಗೋಂದು:

ಗಾಜಿಗೆ ಸೇರಿಸಿ ಬೆಳಕಿನ ಮಾತು. ಮಾಮೂಲಿ ಗಾಜು ಅತಿನೇರಳೆ, ಅಂದರೆ ಯುವಿ, ಕಿರಣದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಡೆಯುತ್ತದೆ, ಯುವಿ ಗಾಜು ಶೇಕಡ 99ರವರೆಗೆ. ಮ್ಯೂಸಿಯಂ ಗಾಜು ಅಂದರೆ ಅದರ ಜೊತೆ ಪ್ರತಿಬಿಂಬವೂ ಅಷ್ಟಾಗಿ ಬೀಳುವುದಿಲ್ಲ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಯುವಿ ಗಾಜು ಹಾಕಿಸಿದೆ ಅಂತ ಕಿಟಕಿ ಎದುರು ನೇತು ಹಾಕಿದರೆ ದುಡ್ಡು ದಂಡ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಮ್ಯೂಸಿಯಂಗಳಲ್ಲಿ ಜಲವರ್ಣಕ್ಕೆ 50 ಲಕ್ಸ್ ಬೆಳಕು ಅಂತ ಮಿತಿ ಇಟ್ಟುಕೊಳ್ಳುತ್ತಾರೆ. ಮಬ್ಬು ದೀಪದ ಕೋಣೆಯಷ್ಟು ಅಂದುಕೊಳ್ಳಿ. ನಿಮ್ಮ ಚಾವಡಿಯಲ್ಲಿ ಹಗಲು ಹೊತ್ತು ಅದರ ಎಷ್ಟೋ ಪಟ್ಟು ಇರುತ್ತದೆ. ಗುಲಾಬಿ, ನೇರಳೆ ಮೊದಲು ಹೋಗುತ್ತವೆ. ಕಾವಿ, ಗೇರು ಬಣ್ಣದಂಥ ಮಣ್ಣಿನ ಬಣ್ಣಗಳು ಗಟ್ಟಿ. ಯಕ್ಷಗಾನದ ಚಿತ್ರದಲ್ಲಿ ಗುಲಾಬಿ ಜಾಸ್ತಿ ಇದ್ದರೆ ಆಸಾಮಿಯವರ ಮಾತಿನಂತೆ ಅದರ ಪ್ರಿಂಟನ್ನೇ ಹಾಕಿ, ತಪ್ಪೇನಿಲ್ಲ. ಮಿಕ್ಕವನ್ನು ಬಿಸಿಲು ಬಾರದ ಗೋಡೆಗೆ ಹಾಕಿ, ಆರು ತಿಂಗಳಿಗೊಮ್ಮೆ ಬದಲಾಯಿಸಿ. ನಿಮ್ಮ ಹತ್ತಿರ ಮೂವತ್ತು ಇವೆ, ಒಂದೇ ಅಳತೆಯವಾದರೆ ನಾಲ್ಕು ಕಟ್ಟು ಮಾಡಿಸಿಕೊಂಡು ಒಳಗಿನ ಚಿತ್ರ ಸರದಿಯಲ್ಲಿ ಹಾಕಬಹುದು.

ಲಕ್ಷ್ಮಿ ಪಟದ ಬಗ್ಗೆ. ರವಿವರ್ಮ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಈ ಪಟಗಳು ಕಲ್ಲಚ್ಚಿನಲ್ಲಿ ಮುದ್ರಿಸಿ ಮೇಲೆ ವಾರ್ನಿಷ್ ಬಳಿದವು, ಎಣ್ಣೆಚಿತ್ರದ ಹಾಗೆ ಕಾಣಲಿ ಅಂತ. ಹಳದಿ ಕಾಣುವುದರಲ್ಲಿ ಕೊಂಚ ಪಾಲು ಆ ವಾರ್ನಿಷ್‌ನದ್ದು, ಉಜ್ಜಲು ಹೋಗಬೇಡಿ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇದೆ ಅಂದಿರಿ, ಹೊಸ ಕಟ್ಟಿಗೆ ಹೊಂದಿಸಲು ಅಂಗಡಿಯವರು ಅದನ್ನು ಕತ್ತರಿಸದ ಹಾಗೆ ನೋಡಿಕೊಳ್ಳಿ. ದೇವರ ಮನೆಯಲ್ಲಿ ಇಡುವುದಾದರೆ ಗಾಜಿಗೆ ಕುಂಕುಮ ಇಡಿ, ಪರವಾಗಿಲ್ಲ, ಒದ್ದೆ ಮಲ್ಲಿಗೆ ಮಾಲೆ ಮಾತ್ರ ಬೇಡ. ಮಾಲೆಯ ನೀರು ಗಾಜಿನ ಮೇಲೆ ಜಾರಿ ಕೆಳಗಿನ ಪಟ್ಟಿಯ ಸಂದಿನಲ್ಲಿ ನಿಲ್ಲುತ್ತದೆ. ನಾನು ನೋಡಿದ ದೇವರ ಪಟಗಳಲ್ಲಿ ಹೆಚ್ಚಿನವು ಕೆಳಗಿನಿಂದಲೇ, ಪಾದದ ಕಡೆಯಿಂದಲೇ ಕೊಳೆತಿದ್ದವು.

ಕುಂದಾಪುರದ_ಮಗಳು:

ನೀವೆಲ್ಲ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೌದು, ಅಟ್ಟ ಅಡುಗೆಮನೆಯ ಮೇಲೇ ಇತ್ತು! ಮತ್ತೆ ಆ ಎರಡು ಪಟ ಇದ್ದದ್ದು ಪಡುವಣ ಗೋಡೆಯಲ್ಲೇ.

ಒಂದು ಪೆದ್ದು ಪ್ರಶ್ನೆ. ಬೋರ್ಡ್ ನಿಜವಾಗಿ ಆಸಿಡ್ ಇಲ್ಲದ್ದು ಅಂತ ಮನೆಯಲ್ಲಿ ಪರೀಕ್ಷೆ ಮಾಡಬಹುದಾ? ಶಾಲೆಯಲ್ಲಿ ದಾಸವಾಳದ ರಸದಿಂದ ಮಾಡಿದ್ದು ನೆನಪಾಯಿತು, ಲಿಂಬೆರಸಕ್ಕೆ ಕೆಂಪಗೆ, ಸುಣ್ಣದ ನೀರಿಗೆ ಹಸಿರಾಗುತ್ತಿತ್ತು. ಹಾಗೇ ಅಂಗಡಿಯವರ ಮೂರು ಬೋರ್ಡಿನ ತುಂಡು ತಂದು ರಸ ಹಚ್ಚಿದೆ. ಮೂರೂ ಒಂದೇ ತರಹ ನೇರಳೆಯಾಗಿ ಕೂತಿವೆ.

ರಟ್ಟು_ಕಾಗದ_ಗೋಂದು:

ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ, ನನಗೆ ಖುಷಿಯಾಯಿತು. ಆದರೆ ದಾಸವಾಳಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದಿಲ್ಲ. ಲಿಂಬೆರಸ ಎಲ್ಲಿ, ಹಳೇ ರಟ್ಟು ಎಲ್ಲಿ. ಅರಿಶಿನವೂ ಅಷ್ಟೇ, ಸುಣ್ಣ ಚೆನ್ನಾಗಿ ಇದ್ದರೆ ಮಾತ್ರ ಕೆಂಪಾಗುತ್ತದೆ. ಪಿಎಚ್ ಪೆನ್ ಅಂತ ಸಿಗುತ್ತದೆ, ಬೋರ್ಡಿನ ತುಂಡಿನ ಮೇಲೆ ಗೆರೆ ಎಳೆದರೆ ನೇರಳೆಯಾದರೆ ಸರಿ, ಹಳದಿಯಾದರೆ ಆಸಿಡ್ ಇದೆ ಅಂತ. ಮೇಲ್ಮೈಗೆ ಎಳೆದು ಸುಮ್ಮನಾಗಬೇಡಿ, ಬೋರ್ಡನ್ನು ಓರೆಯಾಗಿ ಸೀಳಿ ನಡುವಿನ ತಿರುಳಿಗೂ ಎಳೆಯಿರಿ. ಚಿತ್ರದ ಮೇಲೆ ಮಾತ್ರ ಎಳೆಯಬೇಡಿ, ಗುರುತು ಹೋಗುವುದಿಲ್ಲ.

ಟ್ರಂಕಿಗೆ ವಾಪಸ್ ಹೋಗುವ ಚಿತ್ರಗಳ ನಡುವೆ ಹತ್ತಿಯ ಕೈಕಾಗದ ಹಾಕಬಹುದು. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಬಟ್ಟೆಯ ಚಿಂದಿಯಿಂದ ಮಾಡುತ್ತಾರೆ. ಬಣ್ಣ ಹಾಕದ ಬಿಳಿಯದನ್ನೇ ತರಿಸಿ. ನುಸಿಗುಳಿಗೆ ಹಾಕಬೇಡಿ, ನ್ಯೂಸ್ ಪೇಪರ್ ಅಂತೂ ಹಾಸಲೇಬೇಡಿ.

ಕುಂದಾಪುರದ_ಮಗಳು:

ಇವತ್ತು ಅಂಗಡಿಗೆ ಹೋಗಿ ಬಂದೆ, ಹೇಳಿ ಮುಗಿಸುತ್ತೇನೆ. ಹಾಳಾದ ಪಟ ಮತ್ತು ಟ್ರಂಕಿನ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಇದು ನಮ್ಮಪ್ಪ ಹಾಕಿದ ಕಟ್ಟು" ಅಂದರು, ಹಿಂದೆ ಅಂಗಡಿಯ ಹಳೇ ಚೀಟಿ ಇತ್ತಂತೆ. ಆಮೇಲೆ ಜಾಸ್ತಿ ಮಾತಾಡದೆ ಕನ್ಸರ್ವೇಶನ್ ಬೋರ್ಡ್ ತರಿಸಲು ಒಪ್ಪಿದರು, ಫೆಬ್ರವರಿಯಲ್ಲಿ ಮಾಡೋಣ ಅಂದರು. ನಾಲ್ಕು ಕಟ್ಟು, ಸಾದಾ ಸಾಗುವಾನಿ ಪಟ್ಟಿ, ಮಾಮೂಲಿ ಗಾಜು, ಒಳಗೋಡೆ. ಗೋಧಿ ಹಾಲಿನ ಗೋಂದು ಅಮ್ಮ ಮಾಡುತ್ತಾರಂತೆ, ಅರ್ಧ ಹಲ್ವಕ್ಕೆ ಇಟ್ಟುಕೊಳ್ಳುವ ಷರತ್ತಿನ ಮೇಲೆ.

ಒಂದೇ ಒಂದು ಉಳಿದಿದೆ. ಸನ್‌ಪ್ಯಾಕ್ ಕೇಳಿದ್ದಕ್ಕೆ ಅವರು ಹಿಂದಿನ ಕೋಣೆಯಿಂದ ಒಂದು ಕಂತೆ ಶೀಟ್ ತಂದರು, ಕಳೆದ ಚುನಾವಣೆಯ ಬೋರ್ಡುಗಳು, ಒಂದು ಬದಿಯಲ್ಲಿ ಅಭ್ಯರ್ಥಿಯೊಬ್ಬರು ಕೈಮುಗಿದು ನಗುತ್ತಿದ್ದಾರೆ. ಪುಕ್ಕಟೆ ಕೊಡುತ್ತಾರಂತೆ. ಮುಖ ಗೋಡೆಯ ಕಡೆ ತಿರುಗಿಸಿ ಹಾಕಿದರೆ ನಡೆಯುತ್ತದಾ?

ಮಳೆಗಾಲದವ_ಮಂಗಳೂರು:

ಬೇಡ ಮಾರಾಯ್ರೆ. ಪ್ರಿಂಟಿನ ಇಂಕು, ಮೇಲೆ ಅಂಟಿಸಿದ ವಿನೈಲ್ ಸ್ಟಿಕರ್ ಎಂಥದ್ದೋ ಗೊತ್ತಿಲ್ಲ, ವಿನೈಲ್ ಅಂದರೆ ಮತ್ತೆ ಪಿವಿಸಿಯೇ. ಸಾದಾ ಬಿಳಿ ಶೀಟ್ ತಗೊಳ್ಳಿ.

ಅರ್ಜೆಂಟ್_ಆಸಾಮಿ:

ಗೆದ್ದವರಾ, ಸೋತವರಾ?